ಬಾಲಪ್ಪ ಮೇಸ್ತ್ರಿಯ ಮನೆಗೆ ಬಂದ ನಾಲ್ಕು ಮಂದಿ

ಬಾಲಪ್ಪ ಮೇಸ್ತ್ರಿಗೆ ತಲೆ ತಿರುಗಿತೆಂಬ ಸುದ್ದಿಯನ್ನು ಮೊಟ್ಟಮೊದಲು ಅಲ್ಲಗಳೆದವನು ಸ್ವತಃ ಬಾಲಪ್ಪ ಮೇಸ್ತ್ರಿ. ಅಲ್ಲಗಳೆಯುವ ಹೊತ್ತಿನಲ್ಲಿ ಆತ ಕೊರ್ತಾಲಿಮ್‌ನ ಕಟ್ಟಡವೊಂದರ ಮೂರನೆಯ ಮಹಡಿಯಲ್ಲಿ, ಒಂದು ಕಂಬವನ್ನು ಎರಡೂ ಕೈಯಿಂದ ತಬ್ಬಿಕೊಂಡು, ಕಣ್ಣು ಮುಚ್ಚಿ ಕೂತಿದ್ದ.

"ಏನಾತ್ರಿ ಮಾಮಾ?" ಎಂದು ಕೆಳಗಿನಿಂದ ಹುಲಿಗೆಪ್ಪ ಒದರಿದ. ಈತ ಬಾಲಪ್ಪನ ಹೆಂಡತಿಯ ತಮ್ಮ, ಗ್ಯಾಂಗಿನಲ್ಲಿ ಎರಡನೆಯ ಆಳು.

"ಏನೂ ಆಗಿಲ್ಲ. ಕಂಬ ನೆಟ್ಟಗ ಐತೋ ಇಲ್ಲೋ ನೋಡಾಕತ್ತೇನಿ."

"ಕಣ್ಣ ಮುಚ್ಚಿ?"

"ಮೂವತ್ತು ವರ್ಷ ಗವಂಡಿ ಕೆಲಸಾ ಮಾಡೇನಿ. ಕಣ್ಣ ತೆಗದು ನೋಡಾವ್ರು ಹೊಸಬರು."

ಈ ಉತ್ತರ ಹುಲಿಗೆಪ್ಪನಿಗೆ ಸಾಕಾಯಿತು. ಹಳದಿ ಟೊಪ್ಪಿಗೆಯ ಸುಪರ್ವೈಸರನಿಗೆ ಸಾಕಾಗಲಿಲ್ಲ. ಈ ಸುಪರ್ವೈಸರನಿಗೆ ಕೂಲಿಗಳ ಸುರಕ್ಷತೆಯ ಬಗ್ಗೆ ಎಂಥ ಕಾಳಜಿಯೆಂದರೆ, ಎತ್ತರದಲ್ಲಿ ನಿಂತವರ ಸೊಂಟಕ್ಕೆ ಕಟ್ಟಲು ಹಗ್ಗ ಕೊಡಿ ಎಂದು ಎರಡು ತಿಂಗಳಿಂದ ಕೇಳುತ್ತಿದ್ದುದು ಅವನ ಕಿವಿಗೆ ಬಿದ್ದಿರಲಿಲ್ಲ. ಒಬ್ಬನ ತಲೆ ತಿರುಗಿದ್ದು ಮಾತ್ರ ಎರಡೇ ನಿಮಿಷದಲ್ಲಿ ಕಣ್ಣಿಗೆ ಬಿತ್ತು.

"ಅರೇ ಬಾಲಪ್ಪಾ, ಪಿಛಲೇ ಸೋಮವಾರ್ ಭೀ ತುಮ್ ಕಂಬಾ ದೇಖ್ ರಹೇ ಥೇ," ಎಂದ ಆತ. "ಡಾಕ್ಟರ್ ಕಾ ಚಿಟ್ಟಿ ಲಾವೊ. ಫಿಟ್ ಲಿಖಾ ಹುವಾ. ನಹೀ ತೋ ಅಗಲೇ ಸೋಮವಾರ್ ಸ್ಲ್ಯಾಬ್ ಕೋ ದೂಸ್ರಾ ಮೇಸ್ತ್ರಿ."

ಹೋದ ಸೋಮವಾರವೂ ನೀನು ಕಂಬವನ್ನೇ ನೋಡುತ್ತಿದ್ದೆ, ಫಿಟ್ ಎಂದು ಬರೆದ ಡಾಕ್ಟರ ಚೀಟಿ ತರದಿದ್ದರೆ ಬರುವ ಸೋಮವಾರದ ಸ್ಲ್ಯಾಬಿಗೆ ಬೇರೆ ಮೇಸ್ತ್ರಿ ಎಂದು ಇದರ ಅರ್ಥ. ಬೇರೆ ಮೇಸ್ತ್ರಿ ಬಂದರೆ ತನ್ನ ಗ್ಯಾಂಗನ್ನು ತಾನೇ ಕರೆತರುತ್ತಾನೆ. ಅಂದರೆ ಒಬ್ಬ ಬಾಲಪ್ಪನ ತಲೆ ತಿರುಗಿದ್ದಕ್ಕೆ ಝುವಾರಿನಗರದ ನಮ್ಮ ಓಣಿಯ ಹದಿನೆಂಟು ಮನೆಗಳ ಒಲೆ ತಣ್ಣಗಾಗಬೇಕು. ಕಾನೂನು ಪುಸ್ತಕದಲ್ಲಿ ಇದಕ್ಕೆ ಏನು ಹೆಸರಿದೆಯೋ ಗೊತ್ತಿಲ್ಲ. ಓಣಿಯಲ್ಲಿ ಇದಕ್ಕೆ ಸೋಮವಾರ ಎನ್ನುತ್ತಾರೆ.

ಬಾಲಪ್ಪ ಎಂಥ ಮೇಸ್ತ್ರಿ ಎಂಬುದನ್ನು ಇಲ್ಲಿಯೇ ಹೇಳಿಬಿಡಬೇಕು. ಸ್ಲ್ಯಾಬ್ ಹಾಕುವ ಬೆಳಿಗ್ಗೆ ಆತ ಹಲಗೆಗಳ ನಡುವೆ ನಿಂತು ಒಬ್ಬೊಬ್ಬರನ್ನೇ ಕೂಗುತ್ತಾನೆ. "ಸೆಂಟ್ರಿಂಗ್?" ಎಂದರೆ ಹಲಗೆಯವನು "ಆತ್ರಿ ಮೇಸ್ತ್ರಿ" ಎನ್ನಬೇಕು. "ಸಳಿ?" ಎಂದರೆ ಕಬ್ಬಿಣ ಕಟ್ಟುವವನು. "ಲೈಟ್ ಪೈಪು?" ಎಂದರೆ ಕರೆಂಟಿನವನು. "ನೀರಿನ ಪೈಪು?" ಎಂದರೆ ನಲ್ಲಿಯವನು. ನಾಲ್ವರೂ ಎಲ್ಲರಿಗೂ ಕೇಳುವಂತೆ ಒದರುವವರೆಗೆ ಒಂದು ಬುಟ್ಟಿ ಕಾಂಕ್ರೀಟ್ ಮಾಲು ಬೀಳುವುದಿಲ್ಲ. ಮಾಲು ಬಿದ್ದ ಮೇಲೆ ನೆನಪಾಯಿತೆಂದು ಪೈಪಿನವನು ಬಂದರೆ ಹೊಸ ಸ್ಲ್ಯಾಬನ್ನೇ ಒಡೆಯಬೇಕಾಗುತ್ತದೆ. ಮೂವತ್ತು ವರ್ಷದಲ್ಲಿ ಬಾಲಪ್ಪನ ಒಂದೂ ಸ್ಲ್ಯಾಬ್ ಒಡೆದಿಲ್ಲ.

ಇಂಥ ಮೇಸ್ತ್ರಿಗೆ ಒಂದೇ ಒಂದು ಡೌಲು. ತನಗೆ ರೋಗವೆಂಬುದೇ ಇಲ್ಲ. "ನನ್ನ ನಾಡಿ ಅಂದ್ರ ತೂಗುಗುಂಡು ಬಿಟ್ಟಂಗ, ನೆಟ್ಟಗ," ಎಂದು ಚಹಾದಂಗಡಿಯಲ್ಲಿ ಮಣಿಕಟ್ಟು ಚಾಚಿ ತೋರಿಸುತ್ತಿದ್ದ. ಆದರೆ ಆತನ ಬಳಿ ದಾರ ಸುತ್ತಿಡುವ ಒಂದು ತಗಡಿನ ಡಬ್ಬಿ ಇತ್ತು. ಗೋಡೆಯ ನೇರ ಹಿಡಿಯುವ ದಾರ. ಮೇಸ್ತ್ರಿಯ ದಾರದ ಡಬ್ಬಿಯನ್ನು ಗ್ಯಾಂಗಿನ ಯಾರೂ ಮುಟ್ಟುವಂತಿಲ್ಲ, ಹೆಂಡತಿಯೂ ಮುಟ್ಟುವಂತಿಲ್ಲ. ಮೇಸ್ತ್ರಿ ಕೈಲಾಗದೆ ಕೂತ ದಿನ ತಾನೇ ತನ್ನ ಕೈಯಿಂದ ಮುಂದಿನವನಿಗೆ ಕೊಡಬೇಕು. ಹೀಗೆ ಯಾರೂ ಮುಟ್ಟದ ಆ ಡಬ್ಬಿಯ ತಳದಲ್ಲಿ, ದಾರದುಂಡೆಯ ಕೆಳಗೆ, ರಕ್ತದೊತ್ತಡದ ಗುಳಿಗೆಗಳಿದ್ದವು. ಬಿಳಿಯವು ಒಂದು ವರ್ಷದ ಹಿಂದೆ ಕೆಲಸದ ಜಾಗದ ತಪಾಸಣೆ ಶಿಬಿರದ ಡಾಕ್ಟರು ಬರೆದವು. ಗುಲಾಬಿ ಬಣ್ಣದವು ತಿಂಗಳ ಹಿಂದೆ, ಪರಿಚಯದವರು ಯಾರೂ ಕಾಣಬಾರದೆಂದು ಬಸ್ಸು ಹತ್ತಿ ಮಡಗಾಂವ್‌ಗೆ ಹೋದಾಗ ಅಲ್ಲಿನ ಡಾಕ್ಟರು ಬರೆದವು. "ಬೇರೆ ಗುಳಿಗೆ ಏನಾದರೂ ನಡೆದಿದೆಯೆ?" ಎಂದು ಮಡಗಾಂವ್‌ನ ಡಾಕ್ಟರು ಕೇಳಿದ್ದರು. "ಛೇ ಛೇ," ಎಂದಿದ್ದ ಬಾಲಪ್ಪ.

ಬುಧವಾರ ನಮ್ಮ ಓಣಿಯ ತುದಿಯ ಆರೋಗ್ಯ ಕೇಂದ್ರದಲ್ಲಿ ಡಾಕ್ಟರಬಾಯಿ ಕೇಳಿದಾಗಲೂ ಅದನ್ನೇ ಅಂದ.

"ಯಾವ ಗುಳಿಗಿನೂ ಇಲ್ರಿ. ಬರೇ ಚೀಟಿ ಬೇಕಿತ್ತು."

ಡಾಕ್ಟರಬಾಯಿ ನಕ್ಕು, ತಮ್ಮ ಹಿಂದೆ ಸಾಲಾಗಿ ನಿಂತಿದ್ದ ನಾಲ್ವರನ್ನು ತೋರಿಸಿದರು. ನಾಲ್ಕು ಬೇರೆ ಬೇರೆ ಕಾಲೇಜು, ನಾಲ್ಕು ಬೇರೆ ವಿದ್ಯೆ. ಮುಂದೆ ನೌಕರಿಯಲ್ಲಿ ಒಬ್ಬರ ಮುಖ ಒಬ್ಬರು ನೋಡದೆ ಕಾಗದ ಕಳಿಸಿಕೊಂಡು ಕೂಡುವ ಬದಲು, ಓದುವಾಗಲೇ ಒಬ್ಬ ರೋಗಿಯ ಮುಂದೆ ಒಟ್ಟಿಗೆ ಕೂತು ಒಬ್ಬರಿಂದೊಬ್ಬರು ಕಲಿಯಲಿ ಎಂದು ಅವರನ್ನು ಒಂದು ತಿಂಗಳು ಇಲ್ಲಿಗೆ ಕಳಿಸಿದ್ದರು. ಡಾಕ್ಟರಿಕೆಯ ಸಾಹಿಲ, ನರ್ಸಿಂಗಿನ ದೀಪಾ, ಕೈಕಾಲಿನ ವ್ಯಾಯಾಮ ಕಲಿಸುವ ಫಿಸಿಯೋದ ಫ್ಲಾವಿಯಾ. ನಾಲ್ಕನೆಯವಳು ಔಷಧಶಾಸ್ತ್ರದ ರೇಣು, ನಮ್ಮವಳೇ. ಸಮುದ್ರದಂಡೆಯಲ್ಲಿ ಕನ್ನಡಿ ಹಾಕಿದ ಚೀಲ, ಮಣಿಸರ ಮಾರುವ ಭೀಮಿಬಾಯಿಯ ಮಗಳು. ತಾಯಿಯ ಗಂಟಿಗೆ ಒರಗಿ ಮರಳ ಮೇಲೆ ಕೂತು ಪಾಠ ಓದಿದ ಹುಡುಗಿ. ಈಕೆ ಔಷಧ ಓದುತ್ತಾಳೆ ಎಂದಾಗ ಓಣಿ ಕೇಳಿದ್ದು ಒಂದೇ ಪ್ರಶ್ನೆ: "ಮೆಡಿಕಲ್ ಅಂಗಡ್ಯಾಗ ನಿಲ್ಲಾಕ ಇಷ್ಟ ವರ್ಷ ಯಾಕ ಓದಬೇಕು?"

"ಇವರು ನಿಮ್ಮ ಮನೆಗೆ ಬಂದು ನೋಡ್ತಾರೆ. ಆಮೇಲೆ ಚೀಟಿ," ಎಂದರು ಡಾಕ್ಟರಬಾಯಿ.

ಗುರುವಾರ ನಾಲ್ವರೂ ಬಂದರು.

ನಮ್ಮ ಜನಕ್ಕೆ ಲೆಕ್ಕ ಗೊತ್ತಿದೆ. ಒಬ್ಬ ಡಾಕ್ಟರು ಬಂದರೆ ಜ್ವರ. ಇಬ್ಬರು ಬಂದರೆ ಆಪರೇಷನ್. ಮೂವರು ಒಟ್ಟಿಗೆ ಬಡವನ ಮನೆಗೆ ಬಂದದ್ದನ್ನು ಕಂಡವರಿಲ್ಲ. ನಾಲ್ವರು ಒಟ್ಟಿಗೆ ಬಂದು ನಾಲ್ಕು ಮೂಲೆ ಹಿಡಿಯುವುದು ಬಾಳಿನಲ್ಲಿ ಒಮ್ಮೆ ಮಾತ್ರ. ಆಗ ಮಲಗಿದವನಿಗೆ ಅದು ಗೊತ್ತಾಗುವುದಿಲ್ಲ.

ಬಾಲಪ್ಪನಿಗೆ ಗೊತ್ತಾಯಿತು. ಮನೆ ಚಿಕ್ಕದು, ಕೂಡಲು ಮಂಚವೊಂದೇ. ಸಾಹಿಲ ತಲೆಯ ಬಲಕ್ಕೆ, ದೀಪಾ ಎಡಕ್ಕೆ, ಫ್ಲಾವಿಯಾ ಮತ್ತು ರೇಣು ಕಾಲಿನ ಎರಡು ಕಡೆ. ನಡುವೆ ಬಾಲಪ್ಪ, ಅಂಗಾತ. ಪಕ್ಕದ ಮನೆಯ ಚಮನಬಿ ಕಿಟಕಿಯಲ್ಲಿ ಮುಖವಿಟ್ಟು ಒಂದು ಸಲ ನೋಡಿದಳು. ಅರ್ಥವಾಗಲು ಎರಡನೆಯ ಸಲ ನೋಡುವ ಅಗತ್ಯ ಬೀಳಲಿಲ್ಲ.

ಸಾಹಿಲ ಮಲಗಿಸಿ ಒತ್ತಡ ನೋಡಿದ, ನಿಲ್ಲಿಸಿ ನೋಡಿದ, ಹುಬ್ಬು ಗಂಟು ಹಾಕಿದ. ದೀಪಾ ಏನು ಉಂಡಿರಿ, ಯಾವ ಯಾವ ದಿನ ತಲೆ ತಿರುಗಿತು ಎಂದು ಕೇಳಿ ವಹಿಯಲ್ಲಿ ಬರೆದಳು. ಫ್ಲಾವಿಯಾ ಚೀಲದಿಂದ ಅಳತೆಯ ಟೇಪು ತೆಗೆದಳು. ಎರಡೂ ಕಾಲು ಸಮ ಇವೆಯೋ ನೋಡಲು ಸೊಂಟದಿಂದ ಪಾದದವರೆಗೆ ಅಳೆದಳು. ಆಮೇಲೆ ಆತ ನಡೆಯುವುದನ್ನು ನೋಡಲು ಬಾಗಿಲಿನಿಂದ ಓಣಿಗೆ ಮೂರು ಮೀಟರು ಅಳೆದು ಸೀಮೆಸುಣ್ಣದಿಂದ ಗೆರೆ ಎಳೆದಳು.

"ಟೇಪ್ ಹಚ್ಚಿ ಅಳತಿ ತಗೊಂಡ್ರವಾ," ಎಂದು ಚಮನಬಿ ಓಣಿಯ ನಲ್ಲಿಯ ಬಳಿ ವರದಿ ಒಪ್ಪಿಸಿದಳು. "ಉದ್ದಾ ನೋಡಿದ್ರು. ಗಾಡಿ ಎಲ್ಲಿ ನಿಲ್ಲಬೇಕು ಅಂತ ಗೆರಿನೂ ಹಾಕಿದ್ರು."

ಒಳಗೆ ರೇಣು ಮೊದಲ ಬಾರಿಗೆ ಬಾಯಿ ತೆರೆದಿದ್ದಳು. "ಕಾಕಾ, ಗುಳಿಗಿ ಏನರ ತಗೋತೀರೇನು? ಒಂದೀಟು ತೋರಸ್ರಿ."

ಕಿಟಕಿಯಲ್ಲಿ ಆಗಲೇ ಐದು ತಲೆ. ಬಾಲಪ್ಪ ದನಿ ಏರಿಸಿದ. "ಗುಳಿಗಿ? ನಾನು? ನನ್ನ ನಾಡಿ ಅಂದ್ರ..."

ಸಾಹಿಲ ಕೈಯೆತ್ತಿ ರೇಣುವನ್ನು ತಡೆದು ಹಿಂದಿಯಲ್ಲಿ ಏನೋ ಅಂದ. ಮೊದಲು ರೋಗ ಯಾವುದೆಂದು ತಾನು ಗೊತ್ತುಮಾಡಬೇಕು, ಔಷಧದ ಮಾತು ಆಮೇಲೆ, ಆಕೆಯ ಸರದಿ ಕೊನೆಗೆ ಎಂದು ಅದರ ಅರ್ಥ. ಸಾವಿನ ಹೆದರಿಕೆಯಲ್ಲೂ ಬಾಲಪ್ಪನೊಳಗಿನ ಮೇಸ್ತ್ರಿ ಎಚ್ಚರವಿದ್ದ. 'ಈ ಹುಡುಗ ಸ್ಲ್ಯಾಬ್ ಹಾಕಿ ಆಮ್ಯಾಲೆ ಪೈಪಿನವನ್ನ ಕರೀತಾನ' ಎಂದು ಮನಸ್ಸಿನಲ್ಲೇ ಅಂದುಕೊಂಡ. ಬಾಯಿಬಿಟ್ಟು ಹೇಳಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು.

"ನಾವು ನಾಲ್ವರೂ ಕೂತು ಮಾತಾಡಿ ಮತ್ತ ಬರ್ತೇವ್ರಿ," ಎಂದು ರೇಣು ಎದ್ದಳು.

"ಮತ್ತ ನಾಕೂ ಮಂದಿನೇ ಬರ್ತೀರಿ?" ಎಂದು ಬಾಲಪ್ಪನ ಹೆಂಡತಿ ಹನುಮವ್ವ ಕೇಳಿದಳು.

"ಹೌದ್ರಿ ಕಾಕೂ. ನಾಲ್ವರೂ ಬೇಕು."

ಹನುಮವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಶುಕ್ರವಾರದ ಹೊತ್ತಿಗೆ ಓಣಿ ತೀರ್ಮಾನಿಸಿಯಾಗಿತ್ತು. ಆದರೂ ಬಾಲಪ್ಪನಿಗೆ ಒಂದು ಎಳೆ ಆಸೆ ಇತ್ತು. ಅದನ್ನು ಕತ್ತರಿಸಿದವನು ಚಮನಬಿಯ ಗಂಡ ಮೈಬೂಬಸಾಬ. ಈತ ಗ್ಯಾಂಗಿನ ಸಳಿ ಕಟ್ಟುವವನು. ಏಳು ವರ್ಷದ ಹಿಂದೆ ಮನೆಯಲ್ಲಿ ಹಲಗೆ ಕೂರಿಸಬೇಕೆಂದು ಬಾಲಪ್ಪನ ಲೆವೆಲ್ ಪಟ್ಟಿ ಒಯ್ದಿದ್ದ. ಗಾಜಿನೊಳಗಿನ ಗುಳ್ಳೆ ನಡುವೆ ನಿಂತರೆ ಮಟ್ಟ ಸರಿ ಎಂದು ತೋರಿಸುವ ಹಳೆಯ ಪಟ್ಟಿ ಅದು. ಹಲಗೆ ಇಂದಿಗೂ ಸೊಟ್ಟಗಿದೆ, ಪಟ್ಟಿ ವಾಪಸು ಬಂದಿರಲಿಲ್ಲ. ಎಷ್ಟು ಜಗಳ, ಎಷ್ಟು ಪಂಚಾಯ್ತಿ! ಆ ಮೈಬೂಬಸಾಬ ಶುಕ್ರವಾರದ ನಮಾಜು ಮುಗಿಸಿ, ತೊಳೆದು ಒರೆಸಿದ ಲೆವೆಲ್ ಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು ಬಾಗಿಲಲ್ಲಿ ನಿಂತ.

"ತಗೋ ಮೇಸ್ತ್ರಿ. ತಪ್ಪಾಗಿದ್ರ ಮಾಫ್ ಮಾಡು."

ಬಾಲಪ್ಪ ಪಟ್ಟಿಯನ್ನು ನೋಡಿದ. ಮೈಬೂಬಸಾಬನ ಮುಖ ನೋಡಿದ.

"ಹಂಗಾರ ಖರೇನೇ ಐತೇನೋ, ಸಾಬಣ್ಣಾ?"

"ಎಲ್ಲಾರೂ ಹೋಗೂದs ಐತಿ," ಎಂದು ಮೈಬೂಬಸಾಬ ಸಮಾಧಾನ ಹೇಳಿ, ಪಟ್ಟಿಯನ್ನು ಕೊನೆಯ ಬಾರಿ ಸವರಿ ಹೋದ.

ಶನಿವಾರ ಹುಲಿಗೆಪ್ಪ ಬಂದು ಜಾಗದ ಪ್ರಶ್ನೆ ಎತ್ತಿದ. ಹುಟ್ಟಿದ ಊರಿಗೆ ಒಯ್ಯುವುದೋ, ಇಲ್ಲಿಯೇ ಮಣ್ಣು ಮಾಡುವುದೋ.

"ಇಲ್ಲಿ ಎಲ್ಲಿ?" ಎಂದಳು ಹನುಮವ್ವ. "ಮೂವತ್ತು ವರ್ಷ ಇವ್ರು ಈ ಊರಿನ ಮಂದೀಗೆ ಮನಿ ಕಟ್ಟಿ ಕೊಟ್ರು. ಇವ್ರಿಗೆ ಆರ ಫೂಟ್ ಜಾಗಾ ಯಾರ ಕೊಡತಾರ?"

"ಐದೂವರಿ ಸಾಕು," ಎಂದ ಹುಲಿಗೆಪ್ಪ. "ಅಳತಿ ಆಗೇತಲ್ಲ, ಆ ಟೇಪಿನ ಬಾಯಾರ್ನ ಕೇಳಿದ್ರ ಆತು."

"ನಾನಿನ್ನೂ ಇಲ್ಲೇ ಅದೇನಿ," ಎಂದು ಮಂಚದ ಮೇಲಿಂದ ಬಾಲಪ್ಪ ನೆನಪಿಸಿದ. ಆ ಮಾತಿಗೆ ಯಾರೂ ಅಷ್ಟು ಬೆಲೆ ಕೊಡಲಿಲ್ಲ.

ರವಿವಾರ ಬೆಳಿಗ್ಗೆ ಬಾಲಪ್ಪ ಸ್ನಾನ ಮಾಡಿ, ಹಣೆಗೆ ವಿಭೂತಿ ಬಳಿದುಕೊಂಡು, ಒಗೆದ ಅಂಗಿ ತೊಟ್ಟು ಮಂಚದ ಮೇಲೆ ಕೂತ. ಹದಿನೆಂಟು ಮಂದಿಯ ಗ್ಯಾಂಗು ಒಳಗೆ ಹಿಡಿಸುವಷ್ಟು ಒಳಗೆ, ಉಳಿದವರು ಓಣಿಯಲ್ಲಿ. ಹುಲಿಗೆಪ್ಪ ಎಲ್ಲರಿಗಿಂತ ದೊಡ್ಡ ದನಿಯಲ್ಲಿ ಅಳುತ್ತಿದ್ದ. ಅಳುವಾಗಲೂ ಅವನ ಒಂದು ಕಣ್ಣು ಗೂಟಕ್ಕೆ ತೂಗುಹಾಕಿದ್ದ ದಾರದ ಡಬ್ಬಿಯ ಮೇಲಿತ್ತು.

"ನಾಳಿ ಸ್ಲ್ಯಾಬ್ ಐತಿ," ಎಂದ ಬಾಲಪ್ಪ. "ನಾ ಇಲ್ಲಂತ ಗ್ಯಾಂಗ ಒಡೀಬಾರ್ದು. ಎಲ್ಲಾರ್ನೂ ಕೇಳದ ಮಾಲು ಹಾಕಬ್ಯಾಡ್ರಿ. ಹುಲಿಗೆಪ್ಪಾ, ಬಾ. ಡಬ್ಬಿ ತಗೋ."

ಹುಲಿಗೆಪ್ಪ ಬಂದು ಕಾಲು ಮುಟ್ಟಿ ಡಬ್ಬಿ ತೆಗೆದುಕೊಂಡ. ಪದ್ಧತಿಯಂತೆ ಎಲ್ಲರೆದುರು ಮುಚ್ಚಳ ತೆಗೆದು ದಾರದುಂಡೆಯನ್ನು ಎತ್ತಿ ಹಿಡಿದ. ಆ ಗಳಿಗೆಯ ಗಾಂಭೀರ್ಯದಲ್ಲಿ ಬಾಲಪ್ಪ ಒಂದು ವಿಷಯವನ್ನು ಸಂಪೂರ್ಣ ಮರೆತಿದ್ದ. ದಾರದುಂಡೆಯ ಹಿಂದೆಯೇ ಅದು ಚಟಪಟ ಎಂದು ನೆಲಕ್ಕೆ ಬಿತ್ತು.

ನಾಲ್ಕು ಪಟ್ಟಿ ಗುಳಿಗೆ. ಎರಡು ಬಿಳಿ, ಎರಡು ಗುಲಾಬಿ.

ಹನುಮವ್ವ ಒಂದನ್ನು ಎತ್ತಿಕೊಂಡಳು. ಅಳು ನಿಂತಿತ್ತು. "ಇವೇನ್ರಿ?"

"ಅದಾ? ಅದು... ಗ್ವಾಡಿಗೆ ಗುರುತು ಹಾಕೂ ಸುಣ್ಣದ ತುಣಕು."

"ಗುಲಾಬಿ ಸುಣ್ಣಾ ಯಾವೂರಾಗ ಸಿಗತೈತ್ರಿ?"

"ಮಡಗಾಂವದಾಗ," ಎಂದ ಬಾಲಪ್ಪ. ಆ ದಿನ ಅವನಾಡಿದ ಮೊದಲ ಸತ್ಯ ಅದು.

ಅಷ್ಟರಲ್ಲಿ ಬಾಗಿಲಲ್ಲಿ ಗುಂಪು ಎರಡಾಗಿ ಸೀಳಿತು. ನಾಲ್ವರೂ ಬಂದಿದ್ದರು. ರವಿವಾರ ಅವರಿಗೆ ರಜೆ. ನಾಳೆ ಚೀಟಿ ಬೇಕೆಂದು ರಜೆ ಬಿಟ್ಟು ಬಂದಿದ್ದರು. ಓಣಿಗೆ ಅದು ತಿಳಿಯಲಿಲ್ಲ. ಓಣಿಗೆ ಕಂಡದ್ದು ನಾಲ್ಕು ಮಂದಿ ಹೊತ್ತಿಗೆ ಸರಿಯಾಗಿ ಬಂದರೆಂಬುದು ಮಾತ್ರ. ಯಾರೋ ಹಿಂದಿನಿಂದ "ಅಯ್ಯೋ ಶಿವನೇ" ಎಂದರು.

ರೇಣು ನೆಲಕ್ಕೆ ಕೂತು ಗುಳಿಗೆ ಪಟ್ಟಿಗಳನ್ನು ಹೆಕ್ಕಿದಳು. ಹಿಂಬದಿಯ ಇರುವೆಗಾತ್ರದ ಅಕ್ಷರ ಓದಿದಳು. ಇನ್ನೊಂದನ್ನು ಓದಿದಳು. ತಲೆ ಎತ್ತಿದಳು.

"ಕಾಕಾ, ಇವೆರಡೂ ಒಂದೇ ಔಷಧ."

ಬಾಲಪ್ಪನಿಗೆ ಅವಮಾನವಾಯಿತು. "ಹೆಂಗ ಒಂದೇ ಆಗತೈತಿ? ಬಣ್ಣಾ ಬ್ಯಾರೆ, ಹೆಸರ ಬ್ಯಾರೆ, ಡಾಕ್ಟರ್ ಬ್ಯಾರೆ."

"ಸಿಮೆಂಟ್ ಒಂದೇ, ಕಾಕಾ. ಚೀಲದ ಕಂಪನಿ ಬ್ಯಾರೆ."

ಮೇಸ್ತ್ರಿಗೆ ಇದಕ್ಕಿಂತ ಹೆಚ್ಚು ಬಿಡಿಸಿ ಹೇಳಬೇಕಿರಲಿಲ್ಲ. ಕಣ್ಣು ಅಗಲವಾಯಿತು. "ಅಂದ್ರ ನಾನು ತಿಂಗಳಿಂದ ಡಬಲ್ ಮಾಲು ಹಾಕಾಕತ್ತೇನಿ?"

"ಹೌದ್ರಿ."

ಸಾಹಿಲ ರೇಣುವಿನ ಪಕ್ಕ ನೆಲದ ಮೇಲೆಯೇ ಕೂತ. ಗುರುವಾರ ಆಕೆಯ ಮಾತು ತಡೆದವನು ಈಗ ಆಕೆಯನ್ನೇ ಕೇಳಿದ: ದಿನವೂ ಎರಡು ಪಾಲು ತೆಗೆದುಕೊಂಡಿದ್ದರೆ ದಿನವೂ ತಲೆ ತಿರುಗಬೇಕಿತ್ತಲ್ಲ? ದೀಪಾ ತನ್ನ ವಹಿ ಬಿಡಿಸಿದಳು. ತಲೆ ತಿರುಗಿದ್ದು ತಿಂಗಳಲ್ಲಿ ಮೂರು ಸಲ. ಮೂರೂ ಸೋಮವಾರ. ಸೋಮವಾರದಲ್ಲಿ ಅಂಥದ್ದೇನಿದೆ ಎಂದು ಯಾವ ಕಾಲೇಜಿನ ಪುಸ್ತಕದಲ್ಲೂ ಇಲ್ಲ. ಆದರೆ ರೇಣು ಬೆಳೆದದ್ದು ಕೂಲಿಯವರ ಓಣಿಯಲ್ಲಿ.

"ಕಾಕಾ, ರವಿವಾರ ಏನ ಮಾಡತೀರಿ?"

"ರವಿವಾರ ಸೂಟಿ."

"ಸೂಟಿ ನಿಮಗ. ಗುಳಿಗಿಗೆ?"

"ಅದಕ್ಕೂ ಸೂಟಿ," ಎಂದ ಬಾಲಪ್ಪ, ಇದೇನು ಕೇಳುವ ಮಾತು ಎಂಬಂತೆ. "ದುಡಿಯಾವ್ರಿಗೆ ವಾರಕ್ಕೊಮ್ಮೆ ಸೂಟಿ ಬ್ಯಾಡೇನು? ಆ ಒಂದ ದಿನದ ಸೂಟಿಗೆ ನಮ್ಮ ಹಿರೇರು ಎಷ್ಟ ಹೊಡದಾಡ್ಯಾರ, ನಿಮ್ಮ ಬುಕ್ಕಿನಾಗ ಬರದಿಲ್ಲೇನು? ಕೆಲಸಾ ಇಲ್ಲದ ದಿನಾ ಬಿಪಿ ಯಾಕ ಬರತೈತಿ?"

"ಮತ್ತ ಸೋಮವಾರ?"

"ಡಾಕ್ಟರ್ ಒಂದ ದಿನಾನೂ ತಪ್ಪಸಬ್ಯಾಡ ಅಂದಾರ. ಅದಕ್ಕ ಸೋಮವಾರ ರವಿವಾರದ್ದೂ ಕೂಡಿಸಿ ಹಾಜರಿ ತುಂಬಸ್ತೇನಿ."

"ಬಿಳೇವು ಎರಡು, ಗುಲಾಬಿ ಎರಡು. ಒಟ್ಟ ನಾಕು. ಒಮ್ಮೆಗೇ."

"ಒಮ್ಮೆಗೇ. ಚಹಾದ ಜೋಡಿ."

"ಆಮ್ಯಾಲೆ ಮೂರನೇ ಮಾಳಿಗಿ ಏರತೀರಿ."

ಮರುಕ್ಷಣ ನಾಲ್ವರೂ ಒಮ್ಮೆಲೇ ಮಾತಾಡತೊಡಗಿದರು. ಮಲಗಿದಾಗ ಸರಿಯಿದ್ದ ಒತ್ತಡ ನಿಂತಾಗ ಇಳಿಯುತ್ತಿದ್ದುದು ಇದಕ್ಕೇ ಎಂದು ಸಾಹಿಲ. ವಹಿಯಲ್ಲಿ ಸೋಮವಾರ ಬರೆದಿದ್ದೆ, ಯಾರೂ ಓದಲಿಲ್ಲ ಎಂದು ದೀಪಾ. ಕಾಲು, ಸೊಂಟ, ನಡಿಗೆ ಎಲ್ಲ ಕಬ್ಬಿಣದಂತಿದೆ, ಅದನ್ನು ಹೇಳಲು ನನಗೆ ಅವಕಾಶವೇ ಸಿಗಲಿಲ್ಲ ಎಂದು ಫ್ಲಾವಿಯಾ. ಹಿಂದಿ, ಕೊಂಕಣಿ, ಇಂಗ್ಲಿಷು, ನಡುವೆ ರೇಣುವಿನ ಕನ್ನಡ.

ಸತ್ತೇ ಹೋಗಲಿದ್ದ ಬಾಲಪ್ಪ ಮಂಚದ ಮೇಲೆ ಎದ್ದು ನಿಂತ.

"ಗಪ್ಪ! ಎಲ್ಲಾರೂ ಗಪ್ಪ!"

ನಾಲ್ವರೂ ಗಪ್ಪಾದರು. ಓಣಿಯೂ ಗಪ್ಪಾಯಿತು.

"ಇದs ನಿಮ್ಮ ತಪ್ಪು. ನೀವು ಶ್ಯಾಣ್ಯಾರ ಅದೀರಿ, ಒಬ್ಬೊಬ್ಬರು ಬಂಗಾರದಂಥಾವ್ರು. ಖರೇ ಸೆಂಟ್ರಿಂಗ್‌ನಾವ ಏನ ಮಾಡ್ಯಾನ ಅಂತ ಸಳಿಯಾವಗ ಗೊತ್ತಿಲ್ಲ. ಸಳಿಯಾವ ಪೈಪಿನಾವನ್ನ ಕೇಳಿಲ್ಲ. ಅಂವಾ ಆಮ್ಯಾಲೆ ಬರ್ತಾನ ಅಂತ ಬಿಟ್ರ, ಸ್ಲ್ಯಾಬs ಒಡೀಬೇಕಾಗತೈತಿ. ಸ್ಲ್ಯಾಬ್ ಯಾರು? ನಾನು! ರೇಣು, ಇವ್ರಿಗೆ ತಿಳಿಯೂವಂಗ ಹೇಳವಾ."

ರೇಣು ಹೇಳಿದಳು. ಬಾಲಪ್ಪ ಸೊಂಟದ ಮೇಲೆ ಕೈಯಿಟ್ಟು ಕೂಗಿದ.

"ಬಿಪಿ?"

ಸಾಹಿಲನಿಗೆ ಮೊದಲು ತಿಳಿಯಲಿಲ್ಲ. ತಿಳಿದ ಮೇಲೆ ಎದ್ದು ನಿಂತು, ಮಲಗಿದಾಗ ಎಷ್ಟು, ನಿಂತಾಗ ಎಷ್ಟು ಎಂದು ಒದರಿದ. ಆಮೇಲೆ ರೇಣುವಿನ ಕಡೆ ತಿರುಗಿ, ಗುರುವಾರ ಮೊದಲು ನಿನ್ನನ್ನೇ ಕೇಳಬೇಕಿತ್ತು, ತಪ್ಪಾಯಿತು ಎಂದ. ಅದು ಹೇಳಬೇಕಾದವರಿಗೆ ಹೇಳಬೇಕಾದ ಮಾತು. ಹೇಳಲು ದೊಡ್ಡ ದೊಡ್ಡ ಆಸ್ಪತ್ರೆಗಳಲ್ಲಿ ಕೂದಲು ಹಣ್ಣಾದವರಿಗೂ ಬಾಯಿ ಬರುವುದಿಲ್ಲ.

"ಊಟ, ದಿನಾ?" ದೀಪಾ ಓದಿದಳು. "ಕೈಕಾಲು?" ಫ್ಲಾವಿಯಾ ಒದರಿದಳು. "ಗುಳಿಗಿ?" ಎಂದಾಗ ರೇಣು ಉತ್ತರಿಸಿದಳು: "ಒಂದೇ ಸಾಕ್ರಿ ಮೇಸ್ತ್ರಿ, ಎರಡರಾಗ ಒಂದು ಬಂದ್. ಯಾವುದು, ಎಷ್ಟು ಅಂತ ಡಾಕ್ಟರಬಾಯಾರ್ನ ಕೇಳಿ ಹೇಳತೇನಿ. ನಾನೊಬ್ಬಾಕೀನs ಹೇಳೂದಲ್ಲ."

ಆ ಕೊನೆಯ ಮಾತಿಗೆ ಬಾಲಪ್ಪನ ಎದೆ ಉಬ್ಬಿತು. ಇಂಥ ಒಬ್ಬ ನಲ್ಲಿಯವನು ಮೂವತ್ತು ವರ್ಷದಲ್ಲಿ ತನಗೆ ಸಿಕ್ಕಿರಲಿಲ್ಲ.

ಡಾಕ್ಟರಬಾಯಿ ಫೋನಿನಲ್ಲಿ ಎಲ್ಲವನ್ನೂ ಕೇಳಿ ಎರಡು ನಿಮಿಷ ನಕ್ಕರು. ಆಮೇಲೆ ಗಂಭೀರವಾದರು. ಗುಲಾಬಿ ಬಂದ್. ಇವತ್ತಿನ ಬಿಳಿಯದು ಇವತ್ತೇ, ನಾಳೆಯದು ನಾಳೆ. ರವಿವಾರವೂ ಒಂದು, ಸೋಮವಾರವೂ ಒಂದೇ. ಒಂದು ವಾರ ಒತ್ತಡ ನೋಡಬೇಕು. ಅಲ್ಲಿಯವರೆಗೆ ಎತ್ತರ ಏರುವಂತಿಲ್ಲ, ಫಿಟ್ ಎಂದು ಬರೆದುಕೊಡಲು ಆಗುವುದಿಲ್ಲ.

ಬಾಲಪ್ಪ ಮತ್ತೆ ಕೂತ. ಜೀವ ಉಳಿಯಿತು, ಸೋಮವಾರ ಹೋಯಿತು. ಹದಿನೆಂಟು ಮಂದಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹುಲಿಗೆಪ್ಪ ಡಬ್ಬಿಯನ್ನು ಎದೆಗವಚಿ ಹಿಡಿದಿದ್ದವನು, ಏನು ತೋಚಿತೋ, ತಂದು ಮಾಮನ ತೊಡೆಯ ಮೇಲಿಟ್ಟ.

ಆಗ ಫ್ಲಾವಿಯಾ ಒಂದು ಪ್ರಶ್ನೆ ಕೇಳಿದಳು. ಸ್ಲ್ಯಾಬ್ ಹಾಕಿಸುವಾಗ ಮೇಸ್ತ್ರಿ ಮೇಲೆಯೇ ನಿಲ್ಲಬೇಕೆ? ನೆಲದ ಮೇಲೆ ನಿಂತರೆ ಕೆಲಸ ಆಗುವುದಿಲ್ಲವೆ? ದೀಪಾ ಹೇಳಿದಳು, ನೆಲದ ಮೇಲಿದ್ದರೆ ಗಂಟೆಗೊಮ್ಮೆ ನಾನೇ ಬಂದು ಒತ್ತಡ ನೋಡುತ್ತೇನೆ. ನಾಲ್ವರೂ ಮತ್ತೆ ತಲೆ ಕೂಡಿಸಿದರು. ಈ ಸಲ ಒಬ್ಬರ ಮಾತು ಮುಗಿಯುವವರೆಗೆ ಇನ್ನೊಬ್ಬರು ಬಾಯಿ ತೆರೆಯಲಿಲ್ಲ.

ಸೋಮವಾರ ಬೆಳಿಗ್ಗೆ ಕೊರ್ತಾಲಿಮ್‌ನಲ್ಲಿ ಕಾಂಕ್ರೀಟ್ ಮಾಲು ತುಂಬಿದ ಗಾಡಿ ಗರಗರ ತಿರುಗುತ್ತ ನಿಂತಿತ್ತು. ಹೆಚ್ಚು ಹೊತ್ತು ನಿಂತರೆ ಹೊಟ್ಟೆಯೊಳಗೇ ಗಟ್ಟಿಯಾಗುತ್ತದೆ. ಬಾಲಪ್ಪ ಒಂದು ಬುಟ್ಟಿ ಬೋರಲು ಹಾಕಿ ಅಂಗಳದ ನಡುವೆ ಕೂತಿದ್ದ. ಹಿಂದೆ ನಾಲ್ವರೂ ವಹಿ ಹಿಡಿದು ನಿಂತಿದ್ದರು. ಸುಪರ್ವೈಸರ ಡಾಕ್ಟರಬಾಯಿಯ ಚೀಟಿಯನ್ನು ತಿರುವಿ ತಿರುವಿ ಓದಿದ.

"ಇಸ್‌ಮೇ ಫಿಟ್ ಕಹಾ ಲಿಖಾ ಹೈ? ಊಪರ್ ನಹೀ ಜಾನಾ, ಐಸಾ ಲಿಖಾ ಹೈ!"

"ಏರಬ್ಯಾಡ ಅಂತ ಬರದಾರ. ನೆಲದ ಮ್ಯಾಲೆ ಕೆಲಸಾ ಮಾಡಬಹುದು ಅಂತನೂ ಬರದಾರ. ಒದರಬ್ಯಾಡ ಅಂತ ಎಲ್ಯರ ಬರದಾರೇನು ನೋಡ್ರಿ," ಎಂದು ಬಾಲಪ್ಪ ಕತ್ತೆತ್ತಿ ಶುರುಮಾಡಿಯೇ ಬಿಟ್ಟ. "ಸೆಂಟ್ರಿಂಗ್?"

"ಆತ್ರಿ ಮೇಸ್ತ್ರಿ!" ಎಂದು ಮೂರನೆಯ ಮಹಡಿಯಿಂದ ಹುಲಿಗೆಪ್ಪ.

"ಸಳಿ?"

"ಆತು!" ಎಂದು ಮೈಬೂಬಸಾಬ.

ಲೈಟಿನವನೂ ನಲ್ಲಿಯವನೂ ಒದರಿದರು. ಸುಪರ್ವೈಸರ ಗಾಡಿಯವನಿಗೆ ಕೈ ಎತ್ತಲು ಹೊರಟ. ಬಾಲಪ್ಪ ತಡೆದ. ಮೂವತ್ತು ವರ್ಷದಲ್ಲಿ ಮೊದಲ ಸಲ ಆತ ತನ್ನ ಗ್ಯಾಂಗನ್ನು ಕೆಳಗಿನಿಂದ ನೋಡುತ್ತಿದ್ದ. ಮೇಲೆ ನಿಂತಾಗ ಕಾಣದ್ದು ಕೆಳಗೆ ಕೂತಾಗ ಕಂಡಿತು. ಆಕಾಶಕ್ಕೆ ಆತು ನಿಂತ ಹದಿನೇಳು ಜೋಡಿ ಕಾಲು, ಹದಿನೇಳು ಬರಿ ಸೊಂಟ.

"ಹಗ್ಗ?" ಎಂದು ಕೂಗಿದ.

ಮೇಲಿನವರು ತಮ್ಮ ತಮ್ಮ ಸೊಂಟ ನೋಡಿಕೊಂಡರು.

"ಹಗ್ಗ?"

"ಇಲ್ರಿ ಮೇಸ್ತ್ರಿ," ಎಂದ ಹುಲಿಗೆಪ್ಪ, ಮೆಲ್ಲಗೆ.

"ಹಂಗಾರ ಮಾಲು ಬೀಳೂದಿಲ್ಲ." ಬಾಲಪ್ಪ ಬುಟ್ಟಿಯ ಮೇಲೆ ಇನ್ನೂ ಗಟ್ಟಿಯಾಗಿ ಕೂತ. "ನಾಲ್ಕೂ ಮಂದಿ ನೋಡಾಕತ್ತಾರ. ಬರಕೊಳ್ರವಾ. ದೀಪಾ ತಾಯಿ, ವಾರ ತಪ್ಪಿಸಬ್ಯಾಡ, ಸೋಮವಾರ ಅಂತ ಬರಿ."

ಸುಪರ್ವೈಸರ ತಿರುಗುವ ಗಾಡಿಯನ್ನು ನೋಡಿದ, ನಾಲ್ಕು ವಹಿಗಳನ್ನು ನೋಡಿದ. ಎರಡು ತಿಂಗಳಿಂದ ಎಲ್ಲೂ ಸಿಗದಿದ್ದ ಹಗ್ಗ ಇಪ್ಪತ್ತು ನಿಮಿಷದಲ್ಲಿ ಬಂತು. ಹೊಸದು, ಚೀಲ ಕೂಡ ಬಿಚ್ಚಿರಲಿಲ್ಲ. ಗೋದಾಮಿನಲ್ಲೇ ಇತ್ತಂತೆ. ಹಗ್ಗವೂ ಸೂಟಿಯಲ್ಲಿದ್ದಿರಬೇಕು.

ಹದಿನೇಳು ಸೊಂಟಗಳಿಗೆ ಹಗ್ಗ ಬಿಗಿದ ಮೇಲೆ ಬಾಲಪ್ಪ ಹಿಂದಕ್ಕೆ ತಿರುಗಿ ಕೊನೆಯದನ್ನು ಕೂಗಿದ.

"ಗುಳಿಗಿ?"

"ಒಂದು, ಕಾಕಾ! ಬಿಳೇದು! ಉಪ್ಪಿಟ್ಟು ತಿಂದ ಮ್ಯಾಲೆ!" ಎಂದು ರೇಣು ಒದರಿದಳು. ಮೂರನೆಯ ಮಹಡಿಯವರಿಗೂ ಕೇಳಿಸಿತು. ಮಾಲು ಬಿತ್ತು.

ಸ್ಲ್ಯಾಬ್ ಚೆನ್ನಾಗಿ ಕೂತಿತು. ಒಂದು ವಾರದ ಮೇಲೆ ಡಾಕ್ಟರಬಾಯಿ ಫಿಟ್ ಎಂದು ಚೀಟಿ ಬರೆದು, ಸಿಕ್ಕಾ ಒತ್ತಿ ಕೊಟ್ಟರು. ಬಾಲಪ್ಪ ಅದನ್ನು ದಾರದ ಡಬ್ಬಿಯಲ್ಲಿ, ಈಗ ರಾಜಾರೋಷವಾಗಿ ದಾರದ ಮೇಲೆಯೇ ಕೂತಿರುವ ಬಿಳಿಯ ಗುಳಿಗೆ ಪಟ್ಟಿಯ ಜೊತೆ ಇಟ್ಟ. ಔಷಧ ಓದಲು ಇಷ್ಟು ವರ್ಷ ಯಾಕೆ ಬೇಕೆಂದು ಓಣಿಯಲ್ಲಿ ಈಗ ಯಾರೂ ಕೇಳುವುದಿಲ್ಲ. ಕೇಳುವುದಿದ್ದರೆ ಡಬ್ಬಿ, ಕರಡಿಗೆ, ದಿಂಬಿನ ಕೆಳಗಿನ ಚೀಟಿ ಎಲ್ಲ ಹೊತ್ತು ತಂದು ರೇಣುವಿನ ಮುಂದೆ ಸುರಿದು, "ಇದರಾಗ ಯಾವ ಎರಡು ಒಂದೇ ನೋಡವಾ" ಎಂದು ಕೇಳುತ್ತಾರೆ.

ಆದರೂ ಸಿಕ್ಕಾ ಬಿದ್ದ ಆ ಚೀಟಿಯಿಂದ, ತಾನು ಬದುಕುತ್ತೇನೆಂದು ಬಾಲಪ್ಪನಿಗೆ ಪೂರ್ತಿ ನಂಬಿಕೆ ಬಂದಿರಲಿಲ್ಲ. ನಂಬಿಕೆ ಬಂದದ್ದು ಅದರ ಮರುದಿನ, ಸಂಜೆ ಚಹಾ ಕುಡಿಯುತ್ತ ಕೂತಾಗ. ಮೈಬೂಬಸಾಬ ಬಾಗಿಲಲ್ಲಿ ನಿಂತು ಸುತ್ತಮುತ್ತ ನೋಡಿ, ತಲೆ ಕೆರೆದುಕೊಂಡ.

"ಮೇಸ್ತ್ರಿ, ಆ ಹಲಗಿ ಇನ್ನೂ ಸೊಟ್ಟ ಐತಿ ಅಂತ ಚಮನಬಿ ಒಂದs ಸವನ ಜೀವಾ ತಿನ್ನಾಕತ್ತಾಳ. ನಿನ್ನ ಲೆವೆಲ್ ಪಟ್ಟಿ ಒಂದ ದಿನದ ಮಟ್ಟಿಗೆ ಬೇಕಿತ್ತು."

ಬಾಲಪ್ಪ ಬಶಿ ಕೆಳಗಿಟ್ಟು ಎದ್ದ. ಕಣ್ಣಲ್ಲಿ ನೀರು. ಲೆವೆಲ್ ಪಟ್ಟಿಯನ್ನು ಒರೆಸಿ ತಂದು ಎರಡೂ ಕೈಯಿಂದ ಕೊಟ್ಟ.

"ಒಯ್ಯೋ, ಒಯ್ಯಿ. ವಾಪಸ್ ಮಾತ್ರ ತರಬ್ಯಾಡ."